ಪೆಟ್ಟಿಗೆಯೊಳಗಿನ ಜವಾರಿ

ದೆಹಲಿಗೆ ವಲಸೆ ಬಂದ ಕನ್ನಡ ಸಂಸಾರಗಳು ರೈಲಿನಲ್ಲಿ ಏನನ್ನೆಲ್ಲ ಹೊತ್ತು ತಂದಿವೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಒರಳುಕಲ್ಲು ಬಂದಿದೆ, ಶಾವಿಗೆ ಒರಳು ಬಂದಿದೆ, ದೇವರ ಮಂಟಪ ಬಂದಿದೆ. ಉಪ್ಪಿನಕಾಯಿಯ ಜಾಡಿಯಂತೂ ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಬಾರದೆ ಉಳಿದದ್ದು ತಂಬೂರಿ. ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆ ಇರುವ ಆ ವಾದ್ಯವನ್ನು ಎರಡು ರಾತ್ರಿ ಬರ್ತಿನ ಮೇಲೆ ಮಲಗಿಸಿ ತಾವು ಕೂತು ಬರುವಷ್ಟು ಭಕ್ತಿ ಎಲ್ಲರಿಗೂ ಇರುವುದಿಲ್ಲ. ಹಾಗೆ ತಂದವರಿಗೂ ದೆಹಲಿಯ ಹವೆ ಒದಗಿಬರಲಿಲ್ಲ. ಮೇ ತಿಂಗಳ ಒಣ ಬಿಸಿಗಾಳಿಗೆ ಮರದ ಕೊಡ ಸಣ್ಣಗೆ ಬಾಯಿ ಬಿಡುತ್ತದೆ. ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ. ಎರಡು ಮೂರು ವರ್ಷಕ್ಕೆ ತಂಬೂರಿ ಗೋಡೆಯ ಅಲಂಕಾರವಾಗುತ್ತದೆ. ಕಿದ್ವಾಯಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸರಳೆ, ಜಂಟಿವರಸೆ ಹೇಳಿಕೊಡುತ್ತಿದ್ದ ತಾಯಂದಿರ ಮುಂದೆ ನಾವು ಕಂಡದ್ದು ತಿದಿ ಒತ್ತುವ ಶ್ರುತಿ ಪೆಟ್ಟಿಗೆಯನ್ನು, ಇಲ್ಲವೇ ಹಾರ್ಮೋನಿಯಮ್ಮನ್ನು.

ಈಗ ಆ ಕ್ವಾರ್ಟರ್ಸುಗಳೇ ಇಲ್ಲ. ಪೂರ್ವ ಕಿದ್ವಾಯಿ ನಗರದಲ್ಲಿ ಅವನ್ನು ಕೆಡವಿ ಎತ್ತರದ ಕಟ್ಟಡಗಳನ್ನು ಎಬ್ಬಿಸಲಾಗಿದೆ. ಸಂಗೀತ ಪಾಠ ಮಾತ್ರ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ನಡೆದೇ ಇದೆ. ತಂಬೂರಿಯ ಜಾಗದಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಯೋ ಮೊಬೈಲ್ ಫೋನೋ ಸಿಂಥೆಸೈಜರ್ ಕೀಬೋರ್ಡೋ ಕೂತಿದೆ. ಗುಂಡಿ ಒತ್ತಿದರೆ ತಂಬೂರಿ ನುಡಿಯುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರು ನಿಜವಾದ ತಂಬೂರಿಯ ಎದುರು ಒಂದು ದಿನವೂ ಕೂತಿಲ್ಲ. ಶ್ರುತಿ ಎಂದು ಅವರ ಕಿವಿ ಕಲಿಯುವುದು ಯಾರೋ ಎಲ್ಲೋ ಮೈಕಿನ ಮುಂದೆ ಮೀಟಿ ಯಂತ್ರಕ್ಕೆ ತುಂಬಿಸಿದ ನಾದವನ್ನು. ಈ ತುಂಬಿಸುವ ಕೆಲಸಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಅದು ಹೇಗೆ ಬಂತು, ಅದರಲ್ಲಿ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಸಂಗೀತ ಪಾಠಕ್ಕೆ ಮಕ್ಕಳನ್ನು ಕಳುಹಿಸುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯವೆಂದು ನಾವು ಭಾವಿಸಿದ್ದೇವೆ.

ಮೊದಲು ತಂಬೂರಿಯ ಗುಟ್ಟನ್ನು ನೋಡಬೇಕು. ಅದರ ಕುದುರೆ ಪಿಟೀಲಿನ ಕುದುರೆಯಂತೆ ಚೂಪಾಗಿಲ್ಲ. ಅಗಲವಾಗಿ, ಸ್ವಲ್ಪ ಬಾಗಿದಂತೆ ಇರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಎಳೆ ನೂಲು ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣ, ಅಷ್ಟು ಹೊತ್ತು ಮಂಕಾಗಿದ್ದ ತಂತಿ ಜೇನುಗೂಡಿನಂತೆ ಝೇಂಕರಿಸತೊಡಗುತ್ತದೆ. ಇದಕ್ಕೆ ಜೀವ ಕೊಡುವುದು ಎನ್ನುತ್ತಾರೆ. ಹಿಂದೂಸ್ತಾನಿಯವರು ಜವಾರಿ ಎನ್ನುತ್ತಾರೆ. ನಮ್ಮ ಧಾರವಾಡ, ವಿಜಯಪುರಗಳ ಕಡೆ ಜವಾರಿ ಎಂದರೆ ನಾಟಿ ತಳಿ: ಜವಾರಿ ಸೌತೆಕಾಯಿ, ಜವಾರಿ ಕೋಳಿ. ಎರಡು ಮಾತುಗಳಿಗೂ ಸಂಬಂಧವಿದೆಯೋ ಇಲ್ಲವೋ, ಅರ್ಥ ಮಾತ್ರ ಚೆನ್ನಾಗಿ ಕೂಡಿಬರುತ್ತದೆ.

ಈ ಝೇಂಕಾರವನ್ನು ವಿಜ್ಞಾನದ ಕಣ್ಣಿಂದ ನೋಡಿದವರು ಸರ್ ಸಿ.ವಿ. ರಾಮನ್. ಮುಂದೆ 1933ರಲ್ಲಿ ಬೆಂಗಳೂರಿಗೆ ಬಂದು ನಮ್ಮವರೇ ಆದ ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ತಂತಿಯನ್ನು ಮೀಟಿದಾಗ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಹುಟ್ಟುತ್ತವೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ಯಾವ ಉಪಸ್ವರಕ್ಕೆ ನಿಶ್ಚಲ ಬಿಂದು ಇದೆಯೋ ಅದು ಕೇಳಿಸಕೂಡದು ಎಂಬುದು ಯೂರೋಪಿನವರು ಕಂಡುಕೊಂಡಿದ್ದ ನಿಯಮ. ರಾಮನ್ ತಂಬೂರಿಯನ್ನು ಪರೀಕ್ಷಿಸಿ, ಇಲ್ಲಿ ಆ ನಿಯಮ ನಡೆಯುವುದಿಲ್ಲ, ಕೇಳಿಸಬಾರದ ಉಪಸ್ವರವೂ ಗಟ್ಟಿಯಾಗಿಯೇ ಕೇಳಿಸುತ್ತದೆ ಎಂದು ತೋರಿಸಿದರು. ಅಲುಗುವ ತಂತಿ ಬಾಗಿದ ಕುದುರೆಯನ್ನು ಮತ್ತೆ ಮತ್ತೆ ಸವರಿ ಹೋಗುವುದೇ ಅದಕ್ಕೆ ಕಾರಣ. ಹೀಗಾಗಿ ತಂಬೂರಿಯ ಒಂದು ಮೀಟಿನೊಳಗೆ ನಾದ ನಿಂತಲ್ಲಿ ನಿಲ್ಲುವುದಿಲ್ಲ. ಉಪಸ್ವರಗಳು ಒಂದಾದ ಮೇಲೊಂದು ಎದ್ದು ಮಿಂಚಿ ಇಳಿಯುತ್ತವೆ. ಪೆಟ್ಟಿಗೆಗೆ ತುಂಬಿಸಬೇಕಾದದ್ದು ಈ ಓಡಾಟವನ್ನು. ಬರೇ ಷಡ್ಜ ಪಂಚಮಗಳನ್ನು ತುಂಬಿಸಿದರೆ ಅದು ಕಾರ್ಖಾನೆಯ ಸೈರನ್ನಿನ ತಮ್ಮನಾಗುತ್ತದೆ.

ಕೀಲಿಮಣೆಯ ವಾದ್ಯದ ಬಗ್ಗೆ ನಮ್ಮವರಿಗೆ ಇರುವ ಅನುಮಾನ ಹೊಸದಲ್ಲ, ಆ ಜಗಳ ನಡೆದದ್ದೂ ಇದೇ ದೆಹಲಿಯಲ್ಲಿ. ಹಾರ್ಮೋನಿಯಮ್ಮಿನ ಹನ್ನೆರಡು ಕಟ್ಟುನಿಟ್ಟಿನ ಸ್ವರಗಳು ಭಾರತೀಯ ಸಂಗೀತವನ್ನು ಕೆಡಿಸುತ್ತಿವೆ ಎಂದು ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಕಾರ 1938ರಲ್ಲಿ ಬರೆದ. ರವೀಂದ್ರನಾಥ ಠಾಕೂರರೂ ಅದೇ ಅಭಿಪ್ರಾಯದವರಾಗಿದ್ದರು. 1940ರ ಮಾರ್ಚಿನಿಂದ ರೇಡಿಯೋ ಕೇಂದ್ರಗಳಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ಆ ನಿಷೇಧ 1971ರಲ್ಲಿ ಸಡಿಲವಾಗುವವರೆಗೆ ಮೂರು ದಶಕ ನಡೆಯಿತು. ಈ ಮಧ್ಯೆ ರೇಡಿಯೋ ಸಂಸ್ಥೆ ‘ಆಕಾಶವಾಣಿ’ ಎಂದು ಹೆಸರು ಬದಲಿಸಿಕೊಂಡಿತು, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ನಡೆಸಿದ ಬಾನುಲಿ ಕೇಂದ್ರದ ಹೆಸರು ಅದು ಎಂಬುದನ್ನು ದೆಹಲಿಯ ಕನ್ನಡಿಗರು ಜ್ಞಾಪಿಸಿಕೊಳ್ಳಬಹುದು. ಇತ್ತ ಊರಿನ ಕಡೆ ನಿಷೇಧವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ರಾತ್ರಿಯಿಡೀ ಮೊಳಗಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ವಿದ್ವಾಂಸರು ಅದೇ ವಾದ್ಯದಲ್ಲಿ ರಾಗವನ್ನು ಅರಳಿಸಿ ತೋರಿಸಿದರು. ವಾದ್ಯದ ಮೇಲಿನ ದೂರು ಸುಳ್ಳಾಗಿರಲಿಲ್ಲ. ನಿಷೇಧದಿಂದ ಆದ ಉಪಯೋಗ ಮಾತ್ರ ಅಷ್ಟಕ್ಕಷ್ಟೆ.

ತಂಬೂರಿಯನ್ನು ವಿದ್ಯುತ್ತಿನಿಂದ ನುಡಿಸುವ ಕೆಲಸಕ್ಕೆ ಗಟ್ಟಿಯಾಗಿ ಕೈ ಹಾಕಿದವರು ಬೆಂಗಳೂರಿನವರು. ಎಚ್.ಎ.ಎಲ್. ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಕೊಳಲನ್ನೂ ನುಡಿಸುತ್ತಿದ್ದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ರೇಡೆಲ್ ಸಂಸ್ಥೆಯನ್ನು ಆರಂಭಿಸಿದರು. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ‘ಸಾರಂಗ್’ ಎಂಬ ಎಲೆಕ್ಟ್ರಾನಿಕ್ ತಂಬೂರಿ, ‘ತಾಲಮಾಲಾ’ ಎಂಬ ತಬಲಾ ಪೆಟ್ಟಿಗೆ ಇವು ಅಲ್ಲಿಂದ ಬಂದವು. ಕಚೇರಿಗೆ ಹೋಗುವ ವಿದ್ವಾಂಸರ ಕೈಚೀಲದಲ್ಲಿ ತಂಬೂರಿ ಕೂರುವ ಕಾಲ ಹೀಗೆ ಬಂತು. ಊರಿಗೆ ರಜೆಗೆ ಹೋದವರು ದೆಹಲಿಗೆ ತರುವ ಸಾಮಾನಿನ ಪಟ್ಟಿಗೆ ಕಾಫಿಪುಡಿಯ ಪಕ್ಕದಲ್ಲಿ ಇನ್ನೊಂದು ಬಾಬು ಸೇರಿತು. ಮೊದಮೊದಲಿನ ಇಂಥ ಪೆಟ್ಟಿಗೆಗಳಲ್ಲಿ ನಾದವನ್ನು ಸರ್ಕ್ಯೂಟೇ ಹುಟ್ಟಿಸುತ್ತಿತ್ತು. ಕಂಪನ ಹುಟ್ಟಿಸುವ ಒಂದು ಭಾಗ, ಅದನ್ನು ಮೀಟಿದಂತೆ ಏರಿಸಿ ಇಳಿಸುವ ಇನ್ನೊಂದು ಭಾಗ, ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಎಂದು ಸರದಿ ಕಾಯುವ ಮತ್ತೊಂದು. ತಂಬೂರಿಯನ್ನು ನೋಡಿ ಬರೆದ ಚಿತ್ರ ಅದು. ತಂಬೂರಿಯ ನೆರಳನ್ನೇ ಹಿಡಿದು ತರುವ ವಿದ್ಯೆ ಬೇರೆ ಕಡೆ ಬೆಳೆಯುತ್ತಿತ್ತು.

ಆ ವಿದ್ಯೆಯ ಮೂಲ ಟೆಲಿಫೋನಿನಲ್ಲಿದೆ. ಕಿದ್ವಾಯಿ ನಗರಕ್ಕೆ ಹೆಸರು ಕೊಟ್ಟ ರಫಿ ಅಹಮದ್ ಕಿದ್ವಾಯಿಯವರು ಆಹಾರ ಮಂತ್ರಿಯಾಗಿ ಪ್ರಸಿದ್ಧರಾದರೂ, ಸ್ವತಂತ್ರ ಭಾರತದ ಮೊದಲ ಸಂಪರ್ಕ ಮಂತ್ರಿಯಾಗಿ ಅಂಚೆ ಟೆಲಿಫೋನುಗಳನ್ನು ನೋಡಿಕೊಂಡವರು. ಆದ್ದರಿಂದ ಈ ಭಾಗ ಅವರ ಬಡಾವಣೆಗೆ ಸಲ್ಲುವಂಥದೇ. ಮಾತನ್ನು ಚೂರು ಚೂರಾಗಿ ಅಳೆದು ಅಂಕಿಗಳನ್ನು ಕಳುಹಿಸಿದರಾಯಿತು ಎಂಬ ಯುಕ್ತಿಯನ್ನು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ 1937ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಹೂಡಿದ. ಎಷ್ಟು ಸಲ ಅಳೆಯಬೇಕು ಎಂಬ ಲೆಕ್ಕಕ್ಕೆ ಅಮೆರಿಕದ ಟೆಲಿಫೋನ್ ಕಂಪನಿಯ ಹ್ಯಾರಿ ನೈಕ್ವಿಸ್ಟ್ 1928ರಲ್ಲೇ ದಾರಿ ತೋರಿದ್ದ. ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶ್ಯಾನನ್ 1949ರಲ್ಲಿ ಅದನ್ನು ಭದ್ರಪಡಿಸಿದ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಚುಕ್ಕಿ ರಂಗೋಲಿಯಿಂದ ವಿವರಿಸಿದರೆ ಸಾಕು. ಗಾಳಿಯಲ್ಲಿ ಏರಿಳಿಯುವ ನಾದ ಒಂದು ಬಳ್ಳಿ. ಯಂತ್ರ ಆ ಬಳ್ಳಿಯನ್ನು ಇಟ್ಟುಕೊಳ್ಳುವುದಿಲ್ಲ. ಅದು ಹಾದುಹೋಗುವ ಜಾಗಗಳಲ್ಲಿ ಚುಕ್ಕಿ ಇಟ್ಟುಕೊಳ್ಳುತ್ತದೆ. ನುಡಿಸುವಾಗ ಚುಕ್ಕಿಗಳ ಮೇಲೆ ಮತ್ತೆ ಬಳ್ಳಿ ಎಳೆಯುತ್ತದೆ. ಚುಕ್ಕಿ ಒತ್ತೊತ್ತಾಗಿದ್ದಷ್ಟೂ ಸಣ್ಣ ಬಳುಕುಗಳೂ ಉಳಿಯುತ್ತವೆ. ಸೆಕೆಂಡಿಗೆ ಎಷ್ಟು ಕಂಪನದ ಸ್ವರ ಬೇಕೋ ಅದರ ಎರಡರಷ್ಟಕ್ಕಿಂತ ಹೆಚ್ಚು ಚುಕ್ಕಿ ಬೇಕು ಎಂಬುದು ನಿಯಮ. ಟೆಲಿಫೋನಿಗೆ ಸೆಕೆಂಡಿಗೆ 8,000 ಚುಕ್ಕಿ ಸಾಕಾಯಿತು. 1982ರಲ್ಲಿ ಬಂದ ಸಿ.ಡಿ. ತಟ್ಟೆಗೆ 44,100 ಇಟ್ಟರು. ಇನ್ನು ಪ್ರತಿ ಚುಕ್ಕಿಯ ಎತ್ತರವನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತೇವೆ ಎಂಬುದು ಎರಡನೆಯ ಪ್ರಶ್ನೆ. 8 ಬಿಟ್ಟಿನ ಯಂತ್ರಕ್ಕೆ 256 ಮೆಟ್ಟಿಲುಗಳು, 16 ಬಿಟ್ಟಿನದಕ್ಕೆ 65,536. ಮೆಟ್ಟಿಲು ಕಡಿಮೆಯಾದರೆ ನಾದ ಇಳಿದು ಸಣ್ಣದಾಗುವಾಗ ಮರಳು ಉದುರಿದಂಥ ಸದ್ದು ಬರುತ್ತದೆ. ತಂಬೂರಿಯ ಸೊಗಸೆಲ್ಲ ಇರುವುದು ಆ ಇಳಿಯುವ ಭಾಗದಲ್ಲಿ ಎಂಬುದನ್ನು ಗಮನಿಸಬೇಕು.

ಮೊದಲು ಈ ಕೆಲಸವನ್ನು ತಟ್ಟೆ, ಟೇಪುಗಳಲ್ಲಿ ಮಾಡಿದರು. ಪ್ಯಾರಿಸ್ ರೇಡಿಯೋದ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳನ್ನು ತಟ್ಟೆಯಲ್ಲಿ ಹಿಡಿದು ಸುತ್ತಿಸಿ ಸಂಗೀತವೆಂದು ಕೇಳಿಸಿದ. 1963ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಮೆಲೊಟ್ರಾನ್ ಬಂತು. ಅದರ ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು, ಒತ್ತಿದರೆ ಸುಮಾರು ಎಂಟು ಸೆಕೆಂಡು ಕೊಳಲೋ ಪಿಟೀಲೋ ನುಡಿಯುತ್ತಿತ್ತು. ನಮ್ಮ ದೇಶಕ್ಕೆ ದೊಡ್ಡ ಸಿಂಥೆಸೈಜರ್ ಬಂದದ್ದು 1969ರಲ್ಲಿ: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಮೂಗ್ ಯಂತ್ರವನ್ನು ಜೋಡಿಸಿಕೊಟ್ಟರು. ಅದಕ್ಕೆ ನಾದವನ್ನು ಜ್ಞಾಪಕವಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಆದರೆ ಹೊರಗಿನ ನಾದವನ್ನು ಒಳಕ್ಕೆ ಬಿಟ್ಟು ಸೋಸಿ, ತಿರುಚಿ ಹೊರಕ್ಕೆ ತರಬಹುದಾಗಿತ್ತು. ಈಗ ಕೀಬೋರ್ಡುಗಳ ಹಿಂಬದಿಯಲ್ಲಿ ಕಾಣುವ ಮೈಕಿನ ತೂತಿಗೆ ಇದೇ ಪೂರ್ವಜ.

ಚುಕ್ಕಿ ಇಡುವ ಯಂತ್ರಗಳು 1979ರಲ್ಲಿ ಸಿಡ್ನಿಯ ಫೇರ್‌ಲೈಟಿನೊಂದಿಗೆ ಸಂಗೀತಗಾರರ ಕೈಗೆ ಬಂದವು. ಬೆಂಗಳೂರಿನಲ್ಲಿ ರೇಡೆಲ್ ಹುಟ್ಟಿದ ವರ್ಷವೇ ಅದು. 1981ರಲ್ಲಿ ಕ್ಯಾಲಿಫೋರ್ನಿಯದ ಎಮ್ಯುಲೇಟರ್ ಬಂತು; ಬೆಲೆ ಹತ್ತು ಸಾವಿರ ಡಾಲರಿನ ಆಸುಪಾಸು, ಜ್ಞಾಪಕಶಕ್ತಿ ಸುಮಾರು ಎರಡು ಸೆಕೆಂಡು. ತಂಬೂರಿಯ ನಾಲ್ಕು ತಂತಿಯನ್ನು ನಿಧಾನವಾಗಿ ಒಂದು ಸುತ್ತು ಮೀಟಲು ನಾಲ್ಕೈದು ಸೆಕೆಂಡು ಬೇಕು. ಅಂದರೆ ಅಷ್ಟು ಹಣ ಕೊಟ್ಟು ಕೊಂಡರೂ ಅರ್ಧ ತಂಬೂರಿ. 1986ರ ಹೊತ್ತಿಗೆ ಕ್ಯಾಸಿಯೋ ಕಂಪನಿಯ ಎಸ್.ಕೆ.-1 ಎಂಬ ಪುಟ್ಟ ಕೀಬೋರ್ಡು ಬಂದು ಇಡೀ ವಿದ್ಯೆಯನ್ನು ಮಕ್ಕಳ ಆಟಿಕೆ ಮಾಡಿಬಿಟ್ಟಿತು. ಮೈಮೇಲೇ ಒಂದು ಮೈಕು, 32 ಸಣ್ಣ ಕೀಲಿಗಳು, ಸುಮಾರು 1.4 ಸೆಕೆಂಡಿನ ಜ್ಞಾಪಕ. ಹೊರದೇಶದಲ್ಲಿದ್ದ ಬಂಧುಗಳು ಹಿಂತಿರುಗುವಾಗ ಮಕ್ಕಳಿಗೆಂದು ತಂದ ಸಾಮಾನುಗಳಲ್ಲಿ ಇಂಥವೂ ಇದ್ದವು. ಅಜ್ಜಿಯ ಕೆಮ್ಮನ್ನೂ ಕುಕ್ಕರಿನ ಕೂಗನ್ನೂ ಹಿಡಿದು ಸರಿಗಮ ನುಡಿಸುವ ಹುಡುಗರನ್ನು ನಾವೂ ಕಂಡಿದ್ದೇವೆ. ಆದರೆ ಎಸ್.ಕೆ.-1 ಸೆಕೆಂಡಿಗೆ ಇಡುತ್ತಿದ್ದ ಚುಕ್ಕಿಗಳು ಒಂಬತ್ತು ಸಾವಿರ ಚಿಲ್ಲರೆ. ಮೇಲೆ ಹೇಳಿದ ನಿಯಮದಂತೆ ಐದು ಸಾವಿರಕ್ಕಿಂತ ಮೇಲಿನ ಕಂಪನವೆಲ್ಲ ಖೋತಾ. ತಂಬೂರಿಯನ್ನು ಅದಕ್ಕೆ ಕೇಳಿಸಿದರೆ ಹಳೆಯ ಕಾಲದ ಟ್ರಂಕ್ ಕಾಲಿನಲ್ಲಿ ತಂಬೂರಿ ಕೇಳಿದಂತಾಗುತ್ತಿತ್ತು: ಷಡ್ಜ ಇದೆ, ಜವಾರಿ ಇಲ್ಲ.

ಜ್ಞಾಪಕಶಕ್ತಿ ಅಗ್ಗವಾಗುತ್ತ ಬಂದಂತೆ ಕಷ್ಟ ಇನ್ನೊಂದು ಕಡೆಯಿಂದ ಬಂತು. ಎಲ್ಲ ಕಂಪನಿಗಳ ಕೀಬೋರ್ಡುಗಳಿಗೂ ಒಂದೇ ಕ್ರಮವಿರಲಿ ಎಂದು 1991ರಲ್ಲಿ ಜನರಲ್ ಮಿಡಿ ಎಂಬ 128 ನಾದಗಳ ಪಟ್ಟಿಯನ್ನು ಗೊತ್ತುಮಾಡಿದರು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ಭಾರತದ ಪಾಲು ಅಲ್ಲಿಗೆ ಮುಗಿಯಿತು. ಜಪಾನಿನ ಶಮಿಸೆನ್, ಕೋಟೋ ಇವೆ. ಬಂದೂಕಿನ ಸದ್ದಿದೆ, ಹೆಲಿಕಾಪ್ಟರ್ ಇದೆ, ಚಪ್ಪಾಳೆ ಇದೆ. ವೀಣೆ ಇಲ್ಲ, ತಂಬೂರಿ ಇಲ್ಲ, ಮೃದಂಗ ಇಲ್ಲ. ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಂದ ಕಂಸಾಳೆ ಪದವನ್ನೋ ಷರೀಫರ ತತ್ವಪದವನ್ನೋ ಹಾಡಿಸುವವರು ಕೀಬೋರ್ಡಿನ ಮುಂದೆ ಕೂತು ‘ಇದರಲ್ಲಿ ಏಕತಾರಿಗೆ ಹತ್ತಿರವಾದದ್ದು ಯಾವುದಪ್ಪಾ’ ಎಂದು ಬ್ಯಾಂಜೋವನ್ನು ಒತ್ತಿ ನೋಡುವ ಪಾಡು ಈ ಪಟ್ಟಿಯ ಫಲ. ಮುಂದೆ ಇಲ್ಲಿಯ ಮಾರುಕಟ್ಟೆಗೆಂದೇ ತಬಲಾ, ತಂಬೂರಿಗಳನ್ನು ತುಂಬಿದ ಕೀಬೋರ್ಡುಗಳನ್ನು ಜಪಾನಿನ ಕಂಪನಿಗಳು ತಯಾರಿಸಿದವು. 2014ರಲ್ಲಿ ಬಂದ ರೋಲ್ಯಾಂಡ್ ಎಕ್ಸ್.ಪಿ.ಎಸ್.-10ರಂಥವುಗಳಲ್ಲಿ ನಾವೇ ರೆಕಾರ್ಡ್ ಮಾಡಿದ ನಾದವನ್ನು ಪೆನ್ ಡ್ರೈವಿನಿಂದ ಒಳಕ್ಕೆ ಬಿಟ್ಟು ಕೀಲಿಗಳ ಮೇಲೆ ಹರಡಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸುವ ಹಕ್ಕು ಹೀಗೆ ಮನೆಯವರೆಗೂ ಬಂತು. ಆದರೆ ಹಕ್ಕು ಬಂದ ಮಾತ್ರಕ್ಕೆ ಕೈ ಕುದುರುವುದಿಲ್ಲ. ನಾಲ್ಕಾರು ಮನೆಗಳಲ್ಲಿ ಈ ಕೆಲಸ ನಡೆದದ್ದನ್ನು ಹತ್ತಿರದಿಂದ ನೋಡಿ ತಿಳಿದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಮೊದಲ ವೈರಿ ಮನೆಯೇ. ಕಿದ್ವಾಯಿ ನಗರದ ಒಂದು ಪಕ್ಕಕ್ಕೆ ರಿಂಗ್ ರಸ್ತೆ, ಇನ್ನೊಂದು ಪಕ್ಕಕ್ಕೆ ಐ.ಎನ್.ಎ. ಮಾರುಕಟ್ಟೆಯ ಗದ್ದಲ. ಅದನ್ನು ಕಿಟಕಿ ಮುಚ್ಚಿ ತಡೆಯಬಹುದು. ಒಳಗಿನದನ್ನು ತಡೆಯುವುದು ಕಷ್ಟ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು. ಹಳೆಯ ಟ್ಯೂಬ್‌ಲೈಟಿನ ಚೋಕು, ಫ್ರಿಜ್ಜು, ಅಡಾಪ್ಟರುಗಳು ಅದರ ಎರಡರಷ್ಟು, ಅಂದರೆ 100 ಕಂಪನದಲ್ಲಿ ಗುಂಯ್‌ಗುಟ್ಟುತ್ತವೆ. ಐದು ಮನೆ ಶ್ರುತಿಯ ಕೆಳಗಿನ ಷಡ್ಜ 98 ಕಂಪನ, ಐದೂವರೆ ಮನೆಯದು ಸುಮಾರು 104. ಹೆಂಗಸರು, ಮಕ್ಕಳು ಸಾಮಾನ್ಯವಾಗಿ ಹಾಡುವ ಈ ಎರಡು ಶ್ರುತಿಗಳ ನಟ್ಟನಡುವೆ ಚೋಕಿನ ಗುಂಯ್‌ಕಾರ ಬಂದು ಕೂರುತ್ತದೆ. ತಂಬೂರಿಯ ಜೊತೆಗೆ ಅದೂ ಯಂತ್ರದೊಳಗೆ ಹೋದರೆ, ಮಗು ಎಷ್ಟು ಸರಿಯಾಗಿ ಹಾಡಿದರೂ ಏನೋ ಅಪಸ್ವರವೆನಿಸುತ್ತದೆ, ಬೈಸಿಕೊಳ್ಳುವುದು ಮಗು. ಆದ್ದರಿಂದ ರೆಕಾರ್ಡ್ ಮಾಡುವಾಗ ಫ್ರಿಜ್ಜಿನ ಸ್ವಿಚ್ಚನ್ನೂ ಆರಿಸಬೇಕು. ಮುಗಿದ ಮೇಲೆ ಮತ್ತೆ ಹಾಕಲು ಮರೆತರೆ ಹಾಲಿನ ಗತಿ ಏನೆಂದು ಹೇಳಬೇಕಾಗಿಲ್ಲ.

ಎರಡನೆಯದು ಮಟ್ಟ, ಅಂದರೆ ಲೆವೆಲ್. ಮೈಕಿನಿಂದ ಬರುವ ವಿದ್ಯುತ್ತು ಬಹಳ ಸಣ್ಣದು. ಟೇಪ್ ರೆಕಾರ್ಡರು ಮುಂತಾದ ಯಂತ್ರಗಳಿಂದ ಬರುವುದು ಅದಕ್ಕಿಂತ ಹಲವು ಪಟ್ಟು ದೊಡ್ಡದು. ಒಳಹರಿವಿನ ಬಳಿ ಮೈಕ್, ಲೈನ್ ಎಂದು ಎರಡು ಗುರುತು ಇರುವುದು ಇದಕ್ಕೇ. ತಪ್ಪು ಕಡೆ ಇಟ್ಟರೆ ಒಂದೋ ಏನೂ ಕೇಳಿಸದು, ಇಲ್ಲವೇ ಎಲ್ಲವೂ ಒಡೆದು ಕೇಳಿಸುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಸೂಜಿ ಸ್ವಲ್ಪ ಕೆಂಪಿಗೆ ಹೋದರೂ ಟೇಪು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಚುಕ್ಕಿಯ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಕೊನೆಯ ಮೆಟ್ಟಿಲ ಮೇಲಕ್ಕೆ ಹೋದದ್ದನ್ನು ಕತ್ತರಿಸಿ ಚಪ್ಪಟೆ ಮಾಡಿಬಿಡುತ್ತದೆ. ತಂಬೂರಿಯಲ್ಲಿ ಮೀಟಿದ ಆ ಕ್ಷಣ ಜೋರು, ಜವಾರಿ ಅರಳುವುದು ಆಮೇಲೆ. ಮೀಟಿನ ಪೆಟ್ಟು ಕತ್ತರಿಸಿಹೋಗದಂತೆ, ಆದರೆ ಬಾಲದ ನಾದ ಕೆಳಮೆಟ್ಟಿಲುಗಳಲ್ಲಿ ಮುಳುಗಿಹೋಗದಂತೆ ಗೇನ್ ತಿರುಗಿಸಬೇಕು. ಹಲವು ಯಂತ್ರಗಳು ಇಂತಿಷ್ಟು ಸದ್ದು ಬಂದ ಮೇಲೆ ತಾನಾಗಿಯೇ ರೆಕಾರ್ಡ್ ಶುರುಮಾಡುತ್ತವೆ. ಆ ಮಿತಿಯನ್ನು ಹೆಚ್ಚು ಇಟ್ಟರೆ ಬೆರಳು ತಂತಿಯನ್ನು ಸವರುವ ಮೊದಲ ಮೃದು ಸದ್ದು ಹೊರಗೇ ಉಳಿಯುತ್ತದೆ.

ನಾಲ್ಕು ತಂತಿಯನ್ನು ಒಟ್ಟಿಗೆ ಮೀಟಿ ಹಿಡಿಯುವುದು ಸುಲಭ, ಆದರೆ ಆಮೇಲೆ ತೊಂದರೆ. ಶ್ರುತಿ ಒಂದು ಮನೆ ಏರಿಸಬೇಕಾದರೆ ಹಳೆಯ ಪದ್ಧತಿಯ ಯಂತ್ರ ಚುಕ್ಕಿಗಳನ್ನು ಬೇಗ ಬೇಗ ಓದುತ್ತದೆ. ನಾದದ ಜೊತೆಗೆ ಮೀಟುವ ಗತಿಯೂ ಏರುತ್ತದೆ. ಒಂದು ಸ್ಥಾಯಿ ಏರಿಸಿದರೆ ಸುತ್ತು ಅರ್ಧ ಸಮಯದಲ್ಲಿ ಮುಗಿದು ತಂಬೂರಿಗೆ ಗಾಬರಿಯಾದಂತೆ ಕೇಳಿಸುತ್ತದೆ. ಒಂದೊಂದೇ ತಂತಿಯನ್ನು ಪೂರ್ತಿ ಅಡಗುವವರೆಗೆ ಬೇರೆ ಬೇರೆ ಹಿಡಿದು, ಸರದಿಯನ್ನು ಯಂತ್ರಕ್ಕೆ ಒಪ್ಪಿಸುವುದು ಮೇಲು. ನಾದವನ್ನು ಸುತ್ತಿ ಸುತ್ತಿ ಉದ್ದ ಮಾಡುವ ಲೂಪ್ ಎಂಬ ಉಪಾಯವನ್ನು ಪಿಟೀಲಿಗೆ ಬಳಸಬಹುದು; ತಂಬೂರಿಗೆ ಬೇಡ. ಕ್ಷಣಕ್ಷಣಕ್ಕೂ ಬದಲಾಗುವ ನಾದದ ಒಂದು ತುಣುಕನ್ನು ಸುತ್ತಿಸಿದರೆ ಜವಾರಿಯ ಓಡಾಟ ನಿಂತು ಝೇಂಕಾರ ಬರೇ ರೆಕ್ಕೆ ಬಡಿತವಾಗುತ್ತದೆ.

ಇನ್ನು ಎಫೆಕ್ಟುಗಳ ವಿಚಾರ. ನಮ್ಮವರಿಗೆ ಎಕೋ ಮೇಲೆ ವಿಶೇಷ ಪ್ರೀತಿ. ಗಣೇಶೋತ್ಸವದ ಪೆಂಡಾಲಿನಲ್ಲಿ ಅಹುಜಾ ಆಂಪ್ಲಿಫೈಯರಿಗೆ ಎಕೋ ಪೆಟ್ಟಿಗೆ ಸಿಕ್ಕಿಸಿ, ಪ್ರಸಾದದ ಪ್ರಕಟಣೆಯನ್ನೂ ಗುಹೆಯೊಳಗಿನ ಅಶರೀರವಾಣಿ ಮಾಡುವುದನ್ನು ಕೇಳಿಲ್ಲದವರು ಯಾರು? ದೊಡ್ಡ ಹಾಲಿನ ಮಾರ್ದನಿಯನ್ನು ಕೃತಕವಾಗಿ ತರುವ ರಿವರ್ಬಿಗೆ ಮೊದಲು ಖಾಲಿ ಕೋಣೆಗಳನ್ನೇ ಬಳಸುತ್ತಿದ್ದರು. 1957ರಲ್ಲಿ ಜರ್ಮನಿಯ ಇ.ಎಂ.ಟಿ. ಸಂಸ್ಥೆ ದೊಡ್ಡ ಉಕ್ಕಿನ ತಗಡನ್ನು ತೂಗುಹಾಕಿ ಅದೇ ಕೆಲಸ ಮಾಡಿಸಿತು. 1976ರಲ್ಲಿ ಅವರೇ ಅಂಕಿಗಳಿಂದ ಮಾಡಿದರು. ಈಗ ಅದು ಅಗ್ಗದ ಕೀಬೋರ್ಡಿನಲ್ಲೂ ಒಂದು ಗುಂಡಿ. ಈ ಗುಂಡಿಯನ್ನು ಎಲ್ಲಿ ಒತ್ತಬೇಕು ಎಂಬುದೇ ಮುಖ್ಯ ಪ್ರಶ್ನೆ. ರೆಕಾರ್ಡ್ ಆಗುವ ಮೊದಲು ಒಳಹರಿವಿನಲ್ಲೇ ಹಾಕಿದರೆ ಅದು ಸಾರಿಗೆ ಹಾಕಿದ ಉಪ್ಪು. ಹೆಚ್ಚಾಯಿತೆಂದು ಆಮೇಲೆ ಹೆಕ್ಕಿ ತೆಗೆಯಲಾಗದು. ಒಣ ನಾದವನ್ನು ಹಿಡಿದಿಟ್ಟು, ನುಡಿಸುವಾಗ ಬೇಕಾದಷ್ಟು ಸೇರಿಸಿಕೊಂಡರೆ ಊಟಕ್ಕೆ ಕೂತವರು ತಮಗೆ ಬೇಕಾದಷ್ಟು ಹಾಕಿಕೊಂಡಂತೆ. ಜೋರನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುವ ಕಂಪ್ರೆಸರನ್ನು ಒಳಹರಿವಿನಲ್ಲಿ ಅತಿ ಲಘುವಾಗಿ ಬಳಸಿದರೆ ಅಡ್ಡಿಯಿಲ್ಲ; ಹೆಚ್ಚಾದರೆ ಜವಾರಿಯ ಏರಿಳಿತವೇ ಸಪಾಟಾಗುತ್ತದೆ. ಸದ್ದು ಅಡಗಿದೊಡನೆ ಬಾಗಿಲು ಮುಚ್ಚುವ ನಾಯ್ಸ್ ಗೇಟ್ ಮಾತ್ರ ತಂಬೂರಿಯ ಹತ್ತಿರವೂ ಸುಳಿಯಕೂಡದು; ಅದು ನಾದದ ಬಾಲವನ್ನೇ ಸದ್ದೆಂದು ತಿಳಿದು ಕತ್ತರಿಸುತ್ತದೆ.

ಹಾಡುವ ಧ್ವನಿಯನ್ನೇ ಒಳಹರಿವಿಗೆ ಬಿಡುವ ಸೌಲಭ್ಯವೂ ಈಗ ಅನೇಕ ಕೀಬೋರ್ಡುಗಳಲ್ಲಿದೆ. ಅದರಲ್ಲಿ ವೋಕೋಡರ್ ಎಂಬುದು ಬೆಲ್ ಪ್ರಯೋಗಶಾಲೆಯ ಹೋಮರ್ ಡಡ್ಲಿ 1930ರ ದಶಕದಲ್ಲಿ ಟೆಲಿಫೋನ್ ತಂತಿಯನ್ನು ಉಳಿಸಲು ಹೂಡಿದ ಉಪಾಯ. ಮಹಾಯುದ್ಧದಲ್ಲಿ ನಾಯಕರ ಗುಟ್ಟಿನ ಮಾತುಕತೆಗೆ ಉಪಯೋಗಕ್ಕೆ ಬಂದು, ಕಡೆಗೆ ಸಿನಿಮಾ ಹಾಡಿನ ರಾಕ್ಷಸ ಧ್ವನಿಯಾಗಿ ಉಳಿಯಿತು. ಅದು ತಮಾಷೆಗೆ ಇರಲಿ. ತಪ್ಪಿದ ಸ್ವರವನ್ನು ಹತ್ತಿರದ ಕೀಲಿಗೆ ತಾನಾಗಿ ಎಳೆದು ಕೂರಿಸುವ ಎಫೆಕ್ಟಿನ ಬಗ್ಗೆ ನಮಗೆ ಅಷ್ಟು ಉದಾರತೆ ಇಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಂತರೆ ತೋಡಿಯೇ ಅಲ್ಲ. ಅದರ ತೂಗಾಟವೇ ಅದರ ಸ್ಥಾನ. ಯಂತ್ರ ಆ ತೂಗಾಟವನ್ನು ತಪ್ಪೆಂದು ತಿಳಿದು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. 1940ರಲ್ಲಿ ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ್ದ ಆರೋಪ ಇದೇ. ವ್ಯತ್ಯಾಸವೆಂದರೆ ಹಾರ್ಮೋನಿಯಂ ಪಕ್ಕದಲ್ಲಿ ಕೂತು ತನ್ನ ಹನ್ನೆರಡು ಸ್ವರ ನುಡಿಸುತ್ತಿತ್ತು, ಇದು ಹಾಡುವವಳ ಗಂಟಲಿಗೇ ಕೈ ಹಾಕುತ್ತದೆ. ಗಮಕ ಸಮೇತ ಹಿಡಿದ ವೀಣೆಯ ತುಣುಕೂ ಹೀಗೆಯೇ ಮೋಸ ಮಾಡುತ್ತದೆ: ಕೀಲಿ ಏರಿದಂತೆ ಗಮಕದ ವೇಗವೂ ಏರಿ, ಮೇಲಿನ ಸ್ಥಾಯಿಯಲ್ಲಿ ವೀಣೆಗೆ ಚಳಿಜ್ವರ ಬಂದಂತಾಗುತ್ತದೆ. ಒಂದೇ ರೀತಿ ಮರಳಿ ಮರಳಿ ಬರುವುದನ್ನು, ಉದಾಹರಣೆಗೆ ತಂಬೂರಿಯನ್ನು, ತಮಟೆಯ ಪೆಟ್ಟನ್ನು, ಕಂಸಾಳೆಯ ತಾಡನವನ್ನು, ಪೆಟ್ಟಿಗೆ ನಂಬಿಕೆಯಿಂದ ಇಟ್ಟುಕೊಳ್ಳಬಲ್ಲದು. ಎದುರಿನವರು ಹಾಡಿದ್ದನ್ನು ಕೇಳಿ ತಾನು ಬದಲಾಗಬೇಕಾದದ್ದನ್ನು ಅದಕ್ಕೆ ಒಪ್ಪಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದ ತರುಣರು ನಮ್ಮ ಸಂಘದಲ್ಲೇ ಇದ್ದಾರೆ, ಅವರೂ ಬರೆಯಲಿ.

ಪೆಟ್ಟಿಗೆಗಳು ಹೀಗೆ ಹೆಚ್ಚಿದಾಗ ತಂಬೂರಿ ಮಾಡುವವರ ಗತಿ ಏನಾಯಿತು? ನಮ್ಮ ಬೆಳಗಾವಿಯ ಗಡಿಯಾಚೆ ಇರುವ ಮಿರಜಿನಲ್ಲಿ, ಹಿಂದೆ ಕತ್ತಿ ಮಸೆಯುವ ಕಸುಬಿನ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ್ ತಂಬೂರಿಗಳ ಕೆಲಸಕ್ಕೆ ಇಳಿದವು. ಪಂಢರಪುರದ ಕಡೆಯಿಂದ ಬರುವ ದಪ್ಪ ಸೋರೆಬುರುಡೆಯನ್ನು ಒಣಗಿಸಿ ಕೊಡ ಮಾಡುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ ಊರು ಅದು. ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರ ನಿಷ್ಠುರತೆ ಪ್ರಸಿದ್ಧ. ಮಿರಜಿನ ಸಿತಾರ್ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಜವಾರಿ ತೆಗೆಯುವ ಕೆಲಸ, ಅಂದರೆ ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಕಿವಿಗೊಟ್ಟು ಮತ್ತೆ ಉಜ್ಜುವುದು, ಇಂದಿಗೂ ಕೈಯಿಂದಲೇ ನಡೆಯುತ್ತದೆ. ಸ್ಯಾಂಪ್ಲಿಂಗಿನ ಪೆಟ್ಟಿಗೆಗಳೊಳಗಿನ ತಂಬೂರಿಯ ನಾದವೂ ಅಂಥ ಯಾವುದೋ ಒಬ್ಬ ಕುಶಲಕರ್ಮಿಯ ಉಜ್ಜಿದ ಕುದುರೆಯಿಂದಲೇ ಹೊರಟದ್ದು. ಪೆಟ್ಟಿಗೆಯ ಮೇಲೆ ಅವನ ಹೆಸರು ಇರುವುದಿಲ್ಲ.

ಕಿದ್ವಾಯಿ ನಗರದಿಂದ ನೋಯ್ಡಾ, ದ್ವಾರಕಾ, ಗುರುಗ್ರಾಮಗಳಿಗೆ ಚದುರಿಹೋದ ನಮ್ಮ ಮನೆಗಳಲ್ಲಿ ಊರಿನಿಂದ ಬಂದ ಕೆಲವು ತಂಬೂರಿಗಳು ಬೀರುವಿನ ಮೇಲೆ ಇನ್ನೂ ಇವೆ. ಬಿರುಕು ಬಿಟ್ಟವೂ ಹೊಸ ತಂತಿ ಹಾಕಿದರೆ ನುಡಿಯುತ್ತವೆ. ಯಾರೋ ಅಪರಿಚಿತರು ಮೀಟಿದ ತಂಬೂರಿಗೆ ಬದಲು, ಸೋದರತ್ತೆಯೋ ಅಜ್ಜನೋ ಹಿಡಿದಿದ್ದ ತಂಬೂರಿಗೆ ಮಕ್ಕಳು ಶ್ರುತಿ ಸೇರಿಸುವುದು ಈಗ ಸಾಧ್ಯವಿದೆ. ಪ್ರತಿಯೊಂದು ತಂತಿಯನ್ನೂ ಬೇರೆ ಬೇರೆ, ನೂಲು ಸಿಕ್ಕಿಸಿ ಒಮ್ಮೆ, ತೆಗೆದು ಒಮ್ಮೆ, ನಾದ ಪೂರ್ತಿ ಅಡಗುವವರೆಗೆ ಹಿಡಿಯಬೇಕು. ಎಫೆಕ್ಟು ಯಾವುದೂ ಬೇಡ. ಎಷ್ಟು ಮನೆ ಶ್ರುತಿ, ಯಾವ ಊರಿನ ವಾದ್ಯ, ಮೀಟಿದವರು ಯಾರು, ಯಾವ ವರ್ಷ ಎಂದು ಕಡೆಯಲ್ಲಿ ಬಾಯಿಬಿಟ್ಟು ಹೇಳಿಬಿಟ್ಟರೆ ಕಾಗದ ಕಳೆದರೂ ವಿವರ ಉಳಿಯುತ್ತದೆ. ಒಂದು ಮಧ್ಯಾಹ್ನದ ಕೆಲಸ. ನವೆಂಬರಿನಲ್ಲಿ, ಅಕ್ಕಪಕ್ಕದಲ್ಲಿ ಮದುವೆಯ ಬ್ಯಾಂಡಿಲ್ಲದ ದಿನ ನೋಡಿಕೊಂಡು ಮಾಡಿದರೆ ಫ್ಯಾನು ನಿಲ್ಲಿಸುವುದೂ ಕಷ್ಟವಾಗಲಾರದು.